ಮುಂಡಗೋಡ, ಹಳಿಯಾಳ, ಬನವಾಸಿ ಸೀಮೆಯ ಹತ್ತಿಗೆ ಹುಳದ ಕಾಟ: ಬಿತ್ತನೆಯಿಂದ ಕಟ್ಟಿಗೆ ಕೀಳುವವರೆಗೆ

ಉತ್ತರ ಕನ್ನಡದಲ್ಲೂ ಹತ್ತಿ ಬೆಳೆಯುತ್ತಾರಾ ಎಂದು ಕಾರವಾರ, ಅಂಕೋಲಾ ಕಡೆಯವರು ಈಗಲೂ ಕೇಳುವುದುಂಟು. ಕರಾವಳಿಯವರಿಗೆ ಭತ್ತ, ತೆಂಗು, ಶೇಂಗಾ ಗೊತ್ತು. ಶಿರಸಿ, ಸಿದ್ದಾಪುರದವರಿಗೆ ಅಡಿಕೆ, ಕಾಳುಮೆಣಸು. ಹತ್ತಿ ಇರುವುದು ಜಿಲ್ಲೆಯ ಮೂಡಣ ಅಂಚಿನಲ್ಲಿ, ಮುಂಡಗೋಡ, ಹಳಿಯಾಳ, ಸ್ವಲ್ಪ ಮಟ್ಟಿಗೆ ಬನವಾಸಿ ಕಡೆ. ಹಾಗೆಂದು ಹತ್ತಿಗೂ ನಮ್ಮ ಕರಾವಳಿಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದವರು ಬಯಲುಸೀಮೆಯವರಾದರೂ ಮುಂಬಯಿ ಪೇಟೆಯಲ್ಲಿ ಅದು ಕುಮಟಾ ಹತ್ತಿ ಎಂದೇ ಮಾರಾಟವಾಗುತ್ತಿತ್ತು.

ಈಗಿನ ತೊಂದರೆ ಏನೆಂದರೆ, ಹತ್ತಿಯ ಬಗ್ಗೆ ನಮಗೆ ಸಿಗುವ ಸಲಹೆಯೆಲ್ಲ ಹಾವೇರಿ, ಹುಬ್ಬಳ್ಳಿಯ ಬಯಲಿನದು. ಅಲ್ಲಿ ಕಣ್ಣು ಹಾಯುವಷ್ಟು ದೂರ ಹತ್ತಿ. ನಮ್ಮಲ್ಲಿ ಒಂದು ಹೊಲ ಹತ್ತಿ, ಪಕ್ಕದಲ್ಲಿ ಗೋವಿನಜೋಳ, ಅದರಾಚೆ ಭತ್ತದ ಗದ್ದೆ ಅಥವಾ ಕಬ್ಬು, ಮತ್ತೆ ಕಾಡು. ಮಳೆಯೂ ಹೆಚ್ಚು. ಅಂಗಡಿಗೆ ಹೋಗಿ "ಹುಳಾ ಬಿದ್ದಾವ್ರಿ, ಛಲೋ ಎಣ್ಣಿ ಕೊಡ್ರಿ" ಎಂದರೆ ಎರಡು ಮೂರು ಬಾಟಲಿ ಕೈಗೆ ಬರುತ್ತವೆ. ಯಾವ ಹುಳ, ಎಲೆಗೆ ಎಷ್ಟಿದೆ, ಬೆಳೆಗೆ ಎಷ್ಟು ದಿನವಾಯಿತು ಎಂದು ಕೇಳುವವರು ಕಡಿಮೆ. ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಎರಡೇ ಮಾತು. ರಸ ಹೀರುವ ಕೀಟಕ್ಕೆ ಎಣಿಸದೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಡಿ. ಕಾಯಿಯೊಳಗೇ ಅಡಗಿ ತಿನ್ನುವ ಗುಲಾಬಿ ಕಾಯಿಕೊರಕದ ವಿಷಯದಲ್ಲಿ, ಸಿಂಪಡಣೆಗಿಂತ ಮೊದಲು ನಿಮ್ಮ ಹಿತ್ತಿಲಿನ ಹತ್ತಿ ಕಟ್ಟಿಗೆ ರಾಶಿಯನ್ನು ನೋಡಿ.

ಬೀಜ ತರುವಾಗಲೇ

ಕಾಯಿಕೊರಕವನ್ನು ಸಾಯಿಸುವ ವಂಶವಾಹಿ ಸೇರಿಸಿದ ಬಿಟಿ ಹತ್ತಿಗೆ ಹುಳ ಬೀಳುವುದಿಲ್ಲ ಎಂಬ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಎರಡು ವಂಶವಾಹಿಗಳಿರುವ ಬೋಲ್‌ಗಾರ್ಡ್-2 ಬಂದದ್ದು 2006ರಲ್ಲಿ. ಹಸಿರು ಕಾಯಿಕೊರಕವನ್ನು ಅದು ಚೆನ್ನಾಗಿಯೇ ತಡೆಯಿತು, ಈಗಲೂ ಹೆಚ್ಚು ಕಡಿಮೆ ತಡೆಯುತ್ತಿದೆ. ಗುಲಾಬಿ ಕಾಯಿಕೊರಕ ಮಾತ್ರ ಎರಡನ್ನೂ ಅರಗಿಸಿಕೊಂಡಿದೆ. ಎಲೆಯ ರಸ ಹೀರುವ ಹೇನು, ಜಿಗಿಹುಳು, ಥ್ರಿಪ್ಸ್ ನುಸಿ, ಬಿಳಿನೊಣಗಳಿಗಂತೂ ಬಿಟಿ ಮೊದಲಿನಿಂದಲೂ ಲೆಕ್ಕಕ್ಕಿಲ್ಲ.

ಆದ್ದರಿಂದ ಬೀಜ ಕೊಳ್ಳುವಾಗ ಎರಡು ವಿಷಯ ಕೇಳಿ. ಒಂದು, ಅವಧಿ. 140ರಿಂದ 160 ದಿನದೊಳಗೆ ಮುಗಿಯುವ ತಳಿ ನಮಗೆ ಒಳ್ಳೆಯದು, ಏಕೆಂದರೆ ಗುಲಾಬಿ ಹುಳ ವಿಪರೀತವಾಗುವುದು ಬೆಳೆಯ ಕೊನೆಯಲ್ಲಿ. ಇನ್ನೊಂದು, ಎಲೆ. ಎಲೆಯಡಿ ರೋಮ ಹೆಚ್ಚಿರುವ ತಳಿಯನ್ನು ಜಿಗಿಹುಳು ಇಷ್ಟಪಡುವುದಿಲ್ಲ. ಆದರೆ ಬಿಳಿನೊಣಕ್ಕೆ ಅಂಥ ಎಲೆಯೇ ಬೇಕು. ಮಳೆ ಜಾಸ್ತಿ ಇರುವ ನಮ್ಮ ಕಡೆ ಬಿಳಿನೊಣಕ್ಕಿಂತ ಜಿಗಿಹುಳುವಿನ ಕಾಟವೇ ಹೆಚ್ಚು, ಹಾಗಾಗಿ ರೋಮದ ಎಲೆಯದನ್ನೇ ಆರಿಸುವುದು ನನಗೆ ಸರಿ ಕಾಣುತ್ತದೆ.

ಬಿಟಿ ಪ್ಯಾಕೆಟ್ಟಿನ ಜೊತೆ ಮೊದಲು ಬಿಟಿ ಅಲ್ಲದ ಬೀಜದ ಚಿಕ್ಕ ಪೊಟ್ಟಣವನ್ನು ಬೇರೆಯಾಗಿ ಕೊಡುತ್ತಿದ್ದರು. ಹುಳ ಬಿಟಿಗೆ ಒಗ್ಗದಿರಲೆಂದು ಅಂಚಿನ ಸಾಲಿಗೆ ಹಾಕಬೇಕಿದ್ದ ಅದನ್ನು ಬಹಳ ಜನ ಎಸೆದರು. ಈಗ ಅದನ್ನು ಪ್ಯಾಕೆಟ್ಟಿನೊಳಗೇ ಬೆರೆಸಿರುತ್ತಾರೆ. ಹೊಲದಲ್ಲಿ ಅಲ್ಲಲ್ಲಿ ಒಂದೊಂದು ಗಿಡಕ್ಕೆ ಹಸಿರು ಹುಳ ಹತ್ತಿದ್ದು ಕಂಡರೆ ಬೀಜ ಕಳಪೆ ಎಂದು ಜಗಳಕ್ಕೆ ಹೋಗುವ ಮೊದಲು ಇದು ನೆನಪಿರಲಿ. ಬಿಲ್ ಇಲ್ಲದೆ, ಹೆಸರಿಲ್ಲದ ಚೀಲದಲ್ಲಿ ಬರುವ ಕಳೆನಾಶಕ ತಾಳುವ ಬೀಜದ ತಂಟೆಗೆ ಹೋಗಬೇಡಿ. ಅದಕ್ಕೆ ಸರಕಾರದ ಅನುಮತಿ ಇಲ್ಲ, ಬೆಳೆ ಕೆಟ್ಟರೆ ಕೇಳಲು ಯಾರೂ ಇಲ್ಲ.

ಬಿತ್ತನೆಯನ್ನು ಅಕ್ಕಪಕ್ಕದ ನಾಲ್ಕಾರು ಹೊಲದವರು ಮಾತಾಡಿಕೊಂಡು ಒಂದೇ ವಾರ, ಹೆಚ್ಚೆಂದರೆ ಎರಡು ವಾರದೊಳಗೆ ಮುಗಿಸಿ. ಒಬ್ಬರು ಮೇ ತಿಂಗಳ ಅಡ್ಡಮಳೆಗೆ, ಇನ್ನೊಬ್ಬರು ಜುಲೈಗೆ ಬಿತ್ತಿದರೆ ಮೊದಲಿನವನ ಹೂವಿನಲ್ಲಿ ಬೆಳೆದ ಗುಲಾಬಿ ಹುಳದ ಪತಂಗ ಎರಡನೆಯವನ ಹೂವಿಗೆ ಬರುತ್ತದೆ. ಹೊಲದ ಸುತ್ತ ಎರಡು ಸಾಲು ತೊಗರಿ ಅಥವಾ ಗೋವಿನಜೋಳ, ನಡುವೆ ಅಲ್ಲಲ್ಲಿ ಅಲಸಂದೆ ಹಾಕಿ. ಅಲಸಂದೆಗೆ ಹೇನು ಬೇಗ ಹತ್ತುತ್ತದೆ, ಹೇನು ತಿನ್ನಲು ಗುಲಗಂಜಿ ಹುಳ ಬರುತ್ತದೆ, ಬಂದದ್ದು ಹತ್ತಿಗೂ ದಾಟುತ್ತದೆ. ಮಂಗ, ಕಾಡುಹಂದಿ ದಾಟಿ ಬಂದರೆ ಅದಕ್ಕೆ ಮದ್ದು ನನ್ನ ಬಳಿ ಇಲ್ಲ.

ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುವುದು ಮತ್ತು ಯೂರಿಯಾ ಹಿಡಿತದಲ್ಲಿಡುವುದು ಕೀಟ ನಿರ್ವಹಣೆಯ ಭಾಗವೇ. ಯೂರಿಯಾ ಹೆಚ್ಚಾಗಿ ಕಪ್ಪು ಹಸಿರಾಗಿ ಸೊಕ್ಕಿದ ಗಿಡಕ್ಕೆ ರಸ ಹೀರುವ ಹುಳಗಳು ಮೊದಲು ಬೀಳುತ್ತವೆ.

ಮೊದಲ ಅರವತ್ತು ದಿನ: ಎಣಿಸುವ ಕೆಲಸ

ಪೇಟೆಯ ಬೀಜಕ್ಕೆ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್ ಲೇಪನವಾಗಿರುತ್ತದೆ. ಹೆಚ್ಚು ಕಡಿಮೆ ಒಂದು ತಿಂಗಳು ಅದೇ ಗಿಡವನ್ನು ಕಾಯುತ್ತದೆ. ಆ ಅವಧಿಯಲ್ಲಿ ಸಿಂಪಡಣೆ ಅನಗತ್ಯ. ಅದರಲ್ಲೂ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಅದೇ ಗುಂಪಿನ ಔಷಧಿಯನ್ನು ಮತ್ತೆ ಹೊಡೆಯುವುದೆಂದರೆ ಹುಳಕ್ಕೆ ಅದನ್ನು ಅಭ್ಯಾಸ ಮಾಡಿಸಿದಂತೆ. ಜೂನ್, ಜುಲೈನಲ್ಲಿ ನಮ್ಮ ಕಡೆ ಹೊಡೆಯುವ ಮಳೆಗೆ ನುಸಿ, ಹೇನು ತಾವಾಗಿಯೇ ತೊಳೆದು ಹೋಗುತ್ತವೆ. ಕಾಟ ಶುರುವಾಗುವುದು ಮಳೆ ಬಿಟ್ಟು ಎಂಟು ಹತ್ತು ದಿನ ಬಿಸಿಲು ಕಂಡಾಗ.

ಆಗ ಹೀಗೆ ಮಾಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಹೊಲಕ್ಕೆ ಹೋಗಿ. ಅಂಚಿನ ಎರಡು ಸಾಲು ಬಿಟ್ಟು ಅಡ್ಡಾದಿಡ್ಡಿ ನಡೆಯುತ್ತಾ 20 ಗಿಡ ಆರಿಸಿ. ಪ್ರತಿ ಗಿಡದಲ್ಲಿ ಮೇಲಿನದೊಂದು, ನಡುವಿನದೊಂದು, ಕೆಳಗಿನದೊಂದು, ಹೀಗೆ ಮೂರು ಎಲೆ. ಎಲೆ ಕೀಳಬೇಡಿ, ತೊಟ್ಟು ಹಿಡಿದು ಮೆಲ್ಲಗೆ ತಿರುವಿ ಅಡಿಭಾಗ ನೋಡಿ. ತಿಳಿಹಸಿರಿನ ಚಿಕ್ಕ ಮರಿಗಳು ಏಡಿಯ ಹಾಗೆ ಅಡ್ಡಡ್ಡ ಓಡಿದರೆ ಅದು ಜಿಗಿಹುಳು. ನರದ ಪಕ್ಕದಲ್ಲಿ ಗೀಟು ಎಳೆದಂತಿರುವ, ಕಣ್ಣಿಗೆ ಕಷ್ಟದಲ್ಲಿ ಕಾಣುವ ಹಳದಿ ಮರಿ ಥ್ರಿಪ್ಸ್. ಅದು ಕೆರೆದು ತಿಂದ ಕಡೆ ಎಲೆಯಡಿ ಬೆಳ್ಳಿಯಂತೆ ಹೊಳೆಯುತ್ತದೆ. ಹೇನು ಗುಂಪಾಗಿ ಕುಡಿಯಲ್ಲಿರುತ್ತದೆ, ಕೆಳಗಿನ ಎಲೆ ಅಂಟಂಟಾಗುತ್ತದೆ, ಇರುವೆ ಹತ್ತುತ್ತದೆ.

ಒಟ್ಟು 60 ಎಲೆಯ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜಿಗಿಹುಳುವಿನ ಮರಿ ಎಲೆಗೆ ಸರಾಸರಿ 2, ಅಂದರೆ 60 ಎಲೆಗೆ 120 ದಾಟಿದರೆ ಮಾತ್ರ ಔಷಧಿ. ಥ್ರಿಪ್ಸ್ ಎಲೆಗೆ 10, ಹೇನು ಎಲೆಗೆ 10, ಬಿಳಿನೊಣ ಎಲೆಗೆ 6ರಿಂದ 8. ಇದಕ್ಕಿಂತ ಕಡಿಮೆ ಇದ್ದು, ಜೊತೆಗೆ ಗುಲಗಂಜಿ ಹುಳ, ಜೇಡ, ದಾರದಂಥ ತೊಟ್ಟಿನ ತುದಿಗೆ ನಿಂತ, ಹೇನು ತಿನ್ನುವ ಕ್ರೈಸೊಪರ್ಲಾ ಕೀಟದ ಮೊಟ್ಟೆ ಕಂಡರೆ ಪಂಪು ಗೋಡೆಗೆ ಒರಗಿಸಿ ಇಡಿ. ಮತ್ತೆ ನಾಲ್ಕೈದು ದಿನ ಬಿಟ್ಟು ಎಣಿಸಿ.

ಇಲ್ಲಿ ಜನ ಮೋಸ ಹೋಗುವುದು ಕೆಂಪೆಲೆಯಲ್ಲಿ. ಹೊಲ ಕೆಂಪಗಾದ ಕೂಡಲೇ ಹುಳ ಎಂದುಕೊಂಡು ಎಣ್ಣೆ ಹೊಡೆಯುತ್ತಾರೆ. ಜಿಗಿಹುಳುವಿನಿಂದ ಕೆಂಪಾದ ಎಲೆಯ ಅಂಚು ಮೊದಲು ಹಳದಿಯಾಗಿ ಕೆಳಮುಖ ಮುದುಡಿಕೊಳ್ಳುತ್ತದೆ, ಆಮೇಲೆ ಅಂಚಿನಿಂದ ಒಳಗೆ ಕೆಂಪು ಹರಿಯುತ್ತದೆ. ಮೆಗ್ನೀಸಿಯಂ ಕೊರತೆಯಾದರೆ ಎಲೆ ಮುದುಡುವುದಿಲ್ಲ. ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗ ಕೆಂಪಾಗುತ್ತದೆ, ಅದೂ ಹಳೆಯ ಎಲೆಗಳಲ್ಲಿ ಮೊದಲು. ಮಳೆಗೆ ಸಾರ ತೊಳೆದು ಹೋಗುವ ನಮ್ಮ ಕೆಂಪು ಮಣ್ಣಿನಲ್ಲಿ ಎರಡನೆಯದು ಅಪರೂಪವೇನಲ್ಲ. ಅದಕ್ಕೆ ಬೇಕಾದದ್ದು ಲೀಟರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, ಕೀಟನಾಶಕವಲ್ಲ.

ಲೆಕ್ಕ ಮಿತಿ ದಾಟಿತು ಎಂದಿಟ್ಟುಕೊಳ್ಳಿ. ಮೊದಲ ಸಿಂಪಡಣೆ ಬೇವಿನದಾಗಲಿ. 5 ಕಿಲೋ ಬೇವಿನ ಬೀಜದ ತಿರುಳನ್ನು ಜಜ್ಜಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಹಿಂಡಿ ಸೋಸಿ, ಸ್ವಲ್ಪ ಸಾಬೂನು ಪುಡಿ ಸೇರಿಸಿ 100 ಲೀಟರ್ ಮಾಡಿ. ಬೀಜ ಸಿಗದವರು 1500 ಪಿಪಿಎಂ ಬೇವಿನ ಔಷಧಿಯನ್ನು ಲೀಟರಿಗೆ 5 ಮಿ.ಲೀ. ಹಾಕಬಹುದು. ಇದಕ್ಕೂ ಬಗ್ಗದಿದ್ದರೆ ಫ್ಲೋನಿಕಾಮಿಡ್ 50 ಡಬ್ಲ್ಯುಜಿ, ಲೀಟರಿಗೆ 0.3 ಗ್ರಾಂ; 16 ಲೀಟರಿನ ಪಂಪಿಗೆ ಸುಮಾರು 5 ಗ್ರಾಂ. ಮುಚ್ಚಳದ ಅಂದಾಜಿನಲ್ಲಿ ಸುರಿಯಬೇಡಿ, ಚಿಕ್ಕ ತಕ್ಕಡಿ ಇಟ್ಟುಕೊಳ್ಳಿ. ಬಿಳಿನೊಣವೂ ಸೇರಿದ್ದರೆ ಡಯಾಫೆಂಥಿಯುರಾನ್ 50 ಡಬ್ಲ್ಯುಪಿ, ಲೀಟರಿಗೆ 1.2 ಗ್ರಾಂ.

ಮೊಗ್ಗು ಉದುರುವಾಗ

ಮೊಗ್ಗು, ಎಳೆಗಾಯಿ ಉದುರಿದ್ದು ಕಂಡರೆ ಎರಡು ಕಾರಣ ಇರಬಹುದು. ವಾರಗಟ್ಟಲೆ ಮೋಡ ಕವಿದು ಮಳೆ ಹಿಡಿದರೆ, ಬೇರಿನಲ್ಲಿ ನೀರು ನಿಂತರೆ ಗಿಡ ತಾನೇ ಉದುರಿಸುತ್ತದೆ. ಇಲ್ಲವೇ ಮಿರಿಡ್ ತಿಗಣೆ. ಬಿಟಿ ಬಂದ ಮೇಲೆ ಕಾಯಿಕೊರಕದ ಸಿಂಪಡಣೆ ಕಡಿಮೆಯಾದ ಕಡೆ ಈ ತಿಗಣೆ ತಲೆ ಎತ್ತಿತು, ಧಾರವಾಡ, ಹಾವೇರಿ ಸೀಮೆಯಲ್ಲಿ ಚೆನ್ನಾಗಿಯೇ ಬೇರೂರಿದೆ.

ಕಂಡುಹಿಡಿಯುವುದು ಕಷ್ಟವಲ್ಲ. ಉದುರಿದ ಮೊಗ್ಗನ್ನು ಎತ್ತಿ ಉಗುರಿನಲ್ಲಿ ಬಿಡಿಸಿ. ಒಳಗೆ ಹಳದಿ ಕಲೆ, ಹಳದಿ ದ್ರವ ಅಂಟಿದ್ದರೆ ತಿಗಣೆಯ ಕೆಲಸ. ಬಲಿತ ಕಾಯಿಯ ಮೇಲೆ ಕಪ್ಪು ಚುಕ್ಕೆ ಇರುತ್ತವೆ; ಕೆಲವು ಕಾಯಿ ಒಂದು ಬದಿಗೆ ಬಾಗಿ ಗಿಣಿಯ ಕೊಕ್ಕಿನಂತಾಗುತ್ತವೆ. ತಿಗಣೆ ಬಿಸಿಲಲ್ಲಿ ಮೊಗ್ಗಿನ ದಳದೊಳಗೆ ಅಡಗಿರುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಅಥವಾ ಸಂಜೆ, ಕೊಂಬೆಯ ಕೆಳಗೆ ಬಿಳಿ ಬಟ್ಟೆ ಹಿಡಿದು ಕೊಡವಿ. ಸಿಂಪಡಣೆಯೂ ಅದೇ ಹೊತ್ತಿಗೆ. ಹಿಂದೆ ಫ್ಲೋನಿಕಾಮಿಡ್ ಹೊಡೆದಿಲ್ಲವಾದರೆ ಅದೇ ಸಾಕು, ಹೊಡೆದಿದ್ದರೆ ಅಸಿಫೇಟ್ 75 ಎಸ್‌ಪಿ ಲೀಟರಿಗೆ 1 ಗ್ರಾಂ. ಹೂ ಬಿಟ್ಟ ಹೊಲಕ್ಕೆ ಬೆಳಗಿನ ಹೊತ್ತು ಜೇನು ಬರುತ್ತದೆ, ಸಂಜೆ ಹೊಡೆಯುವುದೇ ವಾಸಿ.

ಗುಲಾಬಿ ಕಾಯಿಕೊರಕ: ಕಣ್ಣಿಗೆ ಬೀಳದ ಹುಳ

ಹಸಿರು ಹುಳ ಅರ್ಧ ಹೊರಗಿದ್ದು ತಿನ್ನುತ್ತದೆ, ಕಾಣುತ್ತದೆ. ಗುಲಾಬಿ ಹುಳ ಹಾಗಲ್ಲ. ಮೊಟ್ಟೆಯೊಡೆದ ಮರಿ ಸ್ವಲ್ಪ ಹೊತ್ತಿನಲ್ಲೇ ಮೊಗ್ಗು ಅಥವಾ ಎಳೆಗಾಯಿಯನ್ನು ಕೊರೆದು ಒಳಸೇರುತ್ತದೆ, ಕಾಯಿ ಬೆಳೆದಂತೆ ತೂತು ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಗಟ್ಟಿಮುಟ್ಟು. ಒಡೆದಾಗ ಮಾತ್ರ ಕಲೆ ಬಿದ್ದ ಅರಳೆ, ಪೊಳ್ಳು ಬೀಜ. ಆ ಹೊತ್ತಿಗೆ ಹೊಡೆದ ಎಣ್ಣೆ ಹಣ ದಂಡ, ಮೈಗೆ ವಿಷ.

ಆದ್ದರಿಂದ ಬಿತ್ತಿದ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ, ಅಂದರೆ ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಬಲೆ, ಕಟ್ಟಿ. ಬಲೆಯೊಳಗಿಡುವ ವಾಸನೆಯ ಗುಳಿಗೆಗೆ ಲೂರ್ ಎನ್ನುತ್ತಾರೆ; ಗುಲಾಬಿ ಕಾಯಿಕೊರಕದ ಲೂರ್ ಎಂದೇ ಕೇಳಿ ತನ್ನಿ. ಹಸಿರು ಹುಳದ ಲೂರ್ ಬೇರೆ, ಅದಕ್ಕೆ ಈ ಪತಂಗ ಬರುವುದಿಲ್ಲ. ಬಲೆ ಗಿಡದ ತುದಿಗಿಂತ ಒಂದಡಿ ಮೇಲಿರಬೇಕು, ಗಿಡ ಬೆಳೆದಂತೆ ಗೂಟಕ್ಕೆ ಮೇಲೆ ಮೇಲೆ ಕಟ್ಟಬೇಕು. ಮೂರು ನಾಲ್ಕು ವಾರಕ್ಕೊಮ್ಮೆ ಲೂರ್ ಬದಲಿಸಿ. ಬಲೆಯೊಂದಕ್ಕೆ ಸತತ ಮೂರು ರಾತ್ರಿ, ರಾತ್ರಿಗೆ 8ರಂತೆ ಪತಂಗ ಬಿದ್ದರೆ ಎಚ್ಚರದ ಗಂಟೆ.

ಬಲೆಯನ್ನೊಂದೇ ನಂಬಬೇಡಿ. ಹೂ ಶುರುವಾದ ಮೇಲೆ ವಾರಕ್ಕೊಮ್ಮೆ 100 ಹೂ ನೋಡಿ. ದಳಗಳು ಬಿಚ್ಚದೆ ತುದಿಯಲ್ಲಿ ಅಂಟಿಕೊಂಡು ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡ ಹೂ ಇದೆಯಲ್ಲ, ಅದರೊಳಗೆ ಹುಳವಿದೆ. ಕಂಡದ್ದನ್ನೆಲ್ಲ ಕಿತ್ತು ಸಾಬೂನು ನೀರಿನ ಬಕೆಟ್ಟಿಗೆ ಹಾಕಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ಕಣ್ಣು ಚುರುಕು. ಸಿಂಪಡಣೆಯಾದ ಹೊಲಕ್ಕೆ ಮಾತ್ರ ಬೇಡ. 100ಕ್ಕೆ 10 ಇಂಥ ಹೂ ಇದ್ದರೆ ಮಿತಿ ದಾಟಿದ ಹಾಗೆ.

ಕಾಯಿ ಕಟ್ಟಿದ ಮೇಲೆ ಬೇರೆ ಬೇರೆ ಗಿಡದಿಂದ, ಒತ್ತಿದರೆ ಇನ್ನೂ ಮೆತ್ತಗಿರುವ 20 ಹಸಿರು ಕಾಯಿ ಕಿತ್ತು ತನ್ನಿ. ಚಾಕುವಿನಿಂದ ಸೀಳಿ. ಸಿಪ್ಪೆಯ ಒಳಮೈಯಲ್ಲಿ ಚಿಕ್ಕ ಗಂಟು, ಒಂದು ತೊಳೆಯಿಂದ ಇನ್ನೊಂದು ತೊಳೆಗೆ ಹೋದ ತೂತು, ಕಂದು ತಲೆಯ ಬಿಳಿ ಮರಿ ನೋಡಿಕೊಳ್ಳಿ. ಮರಿ ಎಳೆಯದಿದ್ದಾಗ ಬಿಳಿ, ಬಲಿತ ಮೇಲಷ್ಟೇ ಗುಲಾಬಿ. "ಗುಲಾಬಿ ಇಲ್ಲ, ಹಾಗಾಗಿ ಬೇರೆ ಹುಳ" ಎನ್ನಬೇಡಿ. 20ರಲ್ಲಿ 2 ಕಾಯಿಯೊಳಗೆ ಜೀವಂತ ಹುಳ ಸಿಕ್ಕರೆ ಸಿಂಪಡಣೆ ಮಾಡಲೇಬೇಕು.

ಹೂಬಿಡುವ ಹೊತ್ತಿಗೆ ಟ್ರೈಕೋಗ್ರಾಮಟಾಯ್ಡಿಯಾ ಬ್ಯಾಕ್ಟ್ರೆ ಎಂಬ ಮೊಟ್ಟೆ ಪರತಂತ್ರ ಜೀವಿಯ (ಹುಳದ ಮೊಟ್ಟೆಯೊಳಗೆ ಬೆಳೆದು ಅದನ್ನು ಹಾಳುಮಾಡುವ ಚಿಕ್ಕ ಕಣಜ) ಕಾರ್ಡು ಸಿಕ್ಕರೆ ಎಕರೆಗೆ 60,000ದಂತೆ ವಾರಕ್ಕೊಮ್ಮೆ ಮೂರು ಸಲ ಎಲೆಯಡಿ ಕಟ್ಟಿ. ಕಾರ್ಡು ಕಟ್ಟಿದ ವಾರದಲ್ಲಿ ಔಷಧಿ ಹೊಡೆದರೆ ಎರಡೂ ವ್ಯರ್ಥ. ಕಾರ್ಡಿನ ವಿಚಾರಕ್ಕೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಧಾರವಾಡ ಕೃಷಿ ವಿಶ್ವವಿದ್ಯಾಲಯವನ್ನೋ ಮೊದಲೇ ಕೇಳಿಡಿ, ಹುಳ ಬಿದ್ದ ಮೇಲೆ ಓಡಿದರೆ ಸಿಗುವುದಿಲ್ಲ. ಪತಂಗಗಳ ಮಿಲನ ತಪ್ಪಿಸುವ ಹಗ್ಗದ ತುಂಡುಗಳೂ ಬಂದಿವೆ. ಅವು ಒಂದೇ ಪಟ್ಟಿಯಲ್ಲಿ ಹತ್ತಾರು ಎಕರೆ ಹತ್ತಿ ಇರುವಲ್ಲಿ ಕೆಲಸ ಮಾಡುತ್ತವೆ. ನಮ್ಮ ಚದುರಿದ ಒಂದೆರಡು ಎಕರೆಗೆ ನಾನು ಹೇಳಲಾರೆ.

ಔಷಧಿಯ ಸರದಿ ಹೀಗಿರಲಿ. ಮೊದಲು ಪ್ರೊಫೆನೋಫಾಸ್ 50 ಇಸಿ, ಲೀಟರಿಗೆ 2 ಮಿ.ಲೀ.; ಮೊಟ್ಟೆಯ ಮೇಲೂ ಕೆಲಸ ಮಾಡುವುದರಿಂದ ಬಲೆಯಲ್ಲಿ ಪತಂಗ ಏರಿದ ಕೂಡಲೇ ಇದು ಸರಿ. ಮುಂದಿನ ಬಾರಿ ಮಿತಿ ದಾಟಿದರೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ 0.4 ಗ್ರಾಂ, ಅಥವಾ ಥಯೋಡಿಕಾರ್ಬ್ 75 ಡಬ್ಲ್ಯುಪಿ 2 ಗ್ರಾಂ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹ್ಯಾಲೋಥ್ರಿನ್ ಜಾತಿಯವು ಅಗ್ಗ, ಪತಂಗ ಬೀಳುವುದೂ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಬಿತ್ತಿದ 110, 120 ದಿನದೊಳಗೆ ಅವನ್ನು ಮುಟ್ಟಬೇಡಿ. ಗುಲಗಂಜಿ ಹುಳ, ಜೇಡಗಳೆಲ್ಲ ಸತ್ತು ಬಿಳಿನೊಣ ಮುತ್ತಿಕೊಳ್ಳುತ್ತದೆ. ಒಂದೇ ಔಷಧಿಯನ್ನು ಬೆನ್ನು ಬೆನ್ನಿಗೆ ಹೊಡೆಯುವುದು, ಎರಡು ಮೂರು ಬಾಟಲಿ ಒಂದೇ ಪಂಪಿಗೆ ಸುರಿಯುವುದು, ಎರಡೂ ಕೂಡದು.

ಪಂಪು ಹೆಗಲಿಗೇರಿಸುವ ಮುನ್ನ

ಕೀಟನಾಶಕದ ಕತೆ ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಗೇರು ತೋಪುಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನರಳುವ ಕುಟುಂಬಗಳು ದಕ್ಷಿಣ ಕನ್ನಡ, ಉಡುಪಿಯಂತೆ ಉತ್ತರ ಕನ್ನಡದಲ್ಲೂ ಇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಹತ್ತಿಯಲ್ಲೇ ಆದ ಅನಾಹುತ ಬೇಕೆಂದರೆ 2017ರ ಮಹಾರಾಷ್ಟ್ರದ ಯವತ್ಮಾಳ: ಆಳೆತ್ತರ ಬೆಳೆದ ಹತ್ತಿಯ ನಡುವೆ ಔಷಧಿ ಹೊಡೆದ ರೈತರು, ಕೂಲಿಕಾರರು ವಿಷವೇರಿ ಸತ್ತರು.

ಹತ್ತಿ ಎದೆಮಟ್ಟ ದಾಟಿದ ಮೇಲೆ ತುಂತುರು ಮುಖಕ್ಕೇ ಬರುತ್ತದೆ. ಗಾಳಿಗೆ ಬೆನ್ನು ಕೊಟ್ಟು, ಹೊಡೆದ ಸಾಲಿನೊಳಗೆ ನುಗ್ಗದೆ, ಹಿಂದೆ ಹಿಂದೆ ಸರಿಯುತ್ತಾ ಹೊಡೆಯಿರಿ. ತುಂಬುತೋಳಿನ ಅಂಗಿ, ಕೈಗವಸು, ಮಾಸ್ಕು, ಕನ್ನಡಕ. ಬರೀ ಟವೆಲು ಕಟ್ಟಿಕೊಂಡರೆ ಅದು ಔಷಧಿ ಹೀರಿಕೊಂಡು ಮೂಗಿಗೇ ಹಿಡಿದಂತಾಗುತ್ತದೆ. ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅತ್ಯಂತ ವಿಷ, ನಂತರ ಹಳದಿ, ನೀಲಿ, ಹಸಿರು. ನಾಝಲ್ ಕಟ್ಟಿಕೊಂಡರೆ ಬಾಯಲ್ಲಿ ಊದಬೇಡಿ. ತಲೆ ಸುತ್ತು, ವಾಂತಿ, ಕಣ್ಣು ಮಂಜು ಅನ್ನಿಸಿದರೆ ಬಟ್ಟೆ ಬಿಚ್ಚಿ ಮೈ ತೊಳೆದು ಆಸ್ಪತ್ರೆಗೆ ಹೋಗಿ, ಔಷಧಿಯ ಡಬ್ಬಿಯೂ ಜೊತೆಗಿರಲಿ. ಅದನ್ನು ನೋಡಿಯೇ ವೈದ್ಯರು ಚಿಕಿತ್ಸೆ ಮಾಡುವುದು. ಮೋಡ ಕಟ್ಟಿದ್ದರೆ ಅಂದು ಬಿಟ್ಟುಬಿಡಿ. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ, ಅದೇ ನೀರು ಕೆಳಗಿನ ಗದ್ದೆಗೆ, ದನದ ಬಾಯಿಗೆ ಹೋಗುತ್ತದೆ.

ಹತ್ತಿ ಬಿಡಿಸಿದ ಮೇಲೆ

ಒಡೆದ ಕಾಯಿಯಲ್ಲಿ ಕೆಂಪು ತಿಗಣೆ ಗುಂಪಾಗಿ ಕೂತು ಅರಳೆಗೆ ಕಲೆ ಹಿಡಿಸುತ್ತದೆ. ಅದಕ್ಕೆ ಔಷಧಿ ಬೇಡ, ಒಡೆದ ಹತ್ತಿಯನ್ನು ಬೇಗ ಬೇಗ ಬಿಡಿಸಿ, ಗುಂಪನ್ನು ಕೊಡವಿ ಸಾಬೂನು ನೀರಿಗೆ ಹಾಕಿ.

ಮುಖ್ಯವಾದದ್ದು ಇದರ ನಂತರ. ಗುಲಾಬಿ ಹುಳ ಬದುಕುವುದು ಬಹುತೇಕ ಹತ್ತಿಯ ಮೇಲೆಯೇ, ಗೋವಿನಜೋಳ, ಭತ್ತ, ಕಬ್ಬು ಅದಕ್ಕೆ ಆಗದು. ಬೆಳೆ ಮುಗಿಯುವಾಗ ಹುಳ ಎರಡು ಬೀಜ ಜೋಡಿಸಿ ನಡುವೆ ಗೂಡು ಕಟ್ಟಿ ಮಲಗಿಬಿಡುತ್ತದೆ, ಮುಂದಿನ ಹಂಗಾಮಿನವರೆಗೂ. ಅದು ಮಲಗುವ ಜಾಗ ಯಾವುವು? ಒಡೆಯದೆ ಉಳಿದ ಕಾಯಿ, ಒಲೆಗೆಂದು ಹಿತ್ತಿಲಿನಲ್ಲಿ ಒಟ್ಟಿದ ಹತ್ತಿ ಕಟ್ಟಿಗೆ, ಒಳ್ಳೆಯ ದರಕ್ಕೆ ಕಾಯುತ್ತಾ ಪಡಸಾಲೆಯಲ್ಲಿ ರಾಶಿ ಹಾಕಿದ ಹತ್ತಿ. ಸುತ್ತೆಲ್ಲ ಹತ್ತಿಯೇ ಇರುವ ಬಯಲಿನಲ್ಲಿ ಒಬ್ಬ ಚೊಕ್ಕ ಮಾಡಿದರೆ ಪಕ್ಕದವನಿಂದ ಬರುತ್ತದೆ. ನಮ್ಮಲ್ಲಿ ಪಕ್ಕ ಭತ್ತ ಮತ್ತು ಕಾಡು ಇರುವುದರಿಂದ, ಬಂದ ಹುಳದ ದೊಡ್ಡ ಪಾಲು ನಮ್ಮದೇ ಮನೆಯ ಸುತ್ತಿನದು. ಬಯಲಿನವರಿಗಿಲ್ಲದ ಅನುಕೂಲ ಇದು. ಆದರೂ ಮಾರ್ಚಿಯಲ್ಲಿ ಹೋಗಿ ನೋಡಿದರೆ ಹಿತ್ತಿಲುಗಳಲ್ಲಿ ಕಟ್ಟಿಗೆಯ ಹೊರೆ ಹಾಗೇ ಇರುತ್ತವೆ.

ಆದ್ದರಿಂದ ಡಿಸೆಂಬರ್ ಕೊನೆಗೆ, ತಡವಾದರೆ ಜನವರಿಗೆ ಬೆಳೆ ಮುಗಿಸಿ. ಇನ್ನೊಂದು ನೀರು ಕೊಟ್ಟರೆ ಎರಡು ಕ್ವಿಂಟಲ್ ಸಿಗುತ್ತದೆ ಎಂದು ಕೂಳೆ ಬಿಡಬೇಡಿ. ಕೊನೆಯ ಸಿಂಪಡಣೆಯಾಗಿ ಸಾಕಷ್ಟು ದಿನ ಕಳೆದಿದ್ದರೆ ಕುರಿ, ಮೇಕೆ ಬಿಟ್ಟು ಮೇಯಿಸಿ, ಉಳಿದ ಎಳೆಗಾಯಿಯನ್ನು ಅವು ಚೊಕ್ಕ ಮಾಡುತ್ತವೆ. ಕಟ್ಟಿಗೆಯನ್ನು ಬುಡಸಮೇತ ಕಿತ್ತು, ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಹೊಲದಲ್ಲೇ ಪುಡಿ ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಒಲೆಗೆ ಬೇಕೇ ಬೇಕು ಅನ್ನುವವರು ಕಾಯಿಗಳನ್ನೆಲ್ಲ ಉದುರಿಸಿ ಸುಟ್ಟು, ಬರೀ ಕಡ್ಡಿ ಇಟ್ಟುಕೊಳ್ಳಿ, ಅದನ್ನೂ ಮೇ ತಿಂಗಳೊಳಗೆ ಉರಿಸಿ ಮುಗಿಸಿ. ಮನೆಯಲ್ಲಿಟ್ಟ ಹತ್ತಿಯನ್ನು ಹೊಸ ಬಿತ್ತನೆಗೆ ಮೊದಲು ಮಾರಿಬಿಡಿ, ಅಲ್ಲಿಯವರೆಗೆ ಆ ಕೋಣೆಯಲ್ಲೊಂದು ಮೋಹಕ ಬಲೆ ತೂಗುಹಾಕಿ. ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆದು ಮಣ್ಣನ್ನು ಬಿಸಿಲಿಗೆ ಒಡ್ಡಿ. ಮುಂದಿನ ವರ್ಷ ಅದೇ ಹೊಲಕ್ಕೆ ಹತ್ತಿ ಬೇಡ, ಗೋವಿನಜೋಳವೋ ಭತ್ತವೋ ಆಗಲಿ.